ಹದಿನಾರು ಸೆಂಟಿಮೀಟರ್

ಗೋಥೆನ್‌ಬರ್ಗ್, ಜನವರಿ 12

ಆಲ್ಗೊಟ್ ಅವರಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿಯೂ ನೀವು ಇದನ್ನು ಒಲೆಗೆ ಹಾಕದಿದ್ದರೆ ಅದೇ ದೊಡ್ಡದು. ನಾವು ಮಾತು ಬಿಟ್ಟು ಆರು ವರ್ಷವಾಯಿತು. ಅಕ್ಟೋಬರ್‌ನಲ್ಲಿ ಪರೀಕ್ಷಾ ಮೈದಾನದಲ್ಲಿ ನೀವು ಓಡಿಸುತ್ತಿದ್ದ ಹೊಸ ಮಾದರಿಯ ಕಾರು ಉರುಳಿದ ಸುದ್ದಿ ಬಂದಾಗ ನಾನು ಆಸ್ಪತ್ರೆಯ ಬಾಗಿಲವರೆಗೆ ಬಂದಿದ್ದೆ, ಎರಡು ಸಲ. ಒಳಗೆ ಬರುವ ಮುಖ ಇರಲಿಲ್ಲ.

ಈಗ ಬರೆಯಲು ಕಾರಣವಿದೆ. ಅಪಘಾತವನ್ನು ಕಂಪ್ಯೂಟರಿನಲ್ಲಿ ಮತ್ತೆ ನಡೆಸಿ ನೋಡುವ ಕೆಲಸವನ್ನು ಕಂಪನಿ ನನಗೆ ಒಪ್ಪಿಸಿದೆ. ಗಾಡಿಯೊಳಗಿನ ದಾಖಲೆ ಪೆಟ್ಟಿಗೆಯ ತಂತಿ ಕಿತ್ತುಹೋಗಿ ಕೊನೆಯ ಎರಡು ಸೆಕೆಂಡು ಬರೆದೇ ಇಲ್ಲ. ಆ ಎರಡು ಸೆಕೆಂಡನ್ನು ನಾನು ಲೆಕ್ಕದಿಂದ ಹುಟ್ಟಿಸಬೇಕು. ಗಾಡಿಯ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಚಕ್ರ ಹಿಡಿದಿರುವ ತೋಳುಗಳು, ಸಂದಿಗಳ ರಬ್ಬರ್ ಬುಷ್, ಎಲ್ಲವನ್ನೂ ಅಂಕಿಗಳಾಗಿ ಬಿಚ್ಚಿ ಮತ್ತೆ ಜೋಡಿಸಿದ್ದೇನೆ. ಎದುರಿಗೆ ಮೂಸ್ ಕಡವೆ ಅಡ್ಡ ಬಂದಂತೆ ಎಡಕ್ಕೆ ತಿರುಗಿಸಿ, ತಕ್ಷಣ ಬಲಕ್ಕೆ ಎಳೆದು, ನೇರ ಮಾಡುವ ನಿಮ್ಮ ಅದೇ ಪರೀಕ್ಷೆ. ಅದೇ ಎಪ್ಪತ್ತೆರಡು ಕಿಲೋಮೀಟರ್ ವೇಗ. ಮುನ್ನೂರ ಹನ್ನೆರಡು ಸಲ ಓಡಿಸಿದೆ. ಗಾಡಿ ಒಮ್ಮೆಯೂ ಉರುಳಲಿಲ್ಲ.

ಹೀಗೇ ಬರೆದು ಕೊಟ್ಟರೆ ತಪ್ಪು ಚಾಲಕನದು ಎಂದಾಗುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಮೈಗೆ ಏನು ತಿಳಿಯಿತು, ದಯವಿಟ್ಟು ಬರೆಯಿರಿ. ಈ ವಿಷಯದ ಮಿಂಚಂಚೆಗಳೆಲ್ಲ ಕಂಪನಿ ವಕೀಲರ ಕಣ್ಣಿಗೆ ಹೋಗುತ್ತವೆ. ಅದಕ್ಕೇ ಕಾಗದ.

ಇಂಗೆಲಾ

---

ಆರ್ಯೆಪ್ಲೋಗ್, ಜನವರಿ 29

ಇಂಗೆಲಾ,

ನಾನು ಯಾವತ್ತಿನಿಂದ "ನೀವು" ಆದೆ? ಸೊಂಟ ಮುರಿದವರಿಗೆಲ್ಲ ಈ ಮರ್ಯಾದೆ ಸಿಗುತ್ತದೆಯೇ? ಹದಿನಾಲ್ಕು ವರ್ಷ ಪಕ್ಕದ ಸೀಟಿನಲ್ಲಿ ಕೂತು ವಾಂತಿ ಮಾಡಿಕೊಂಡವಳು ನೀನು. ಬೈಯುವುದಿದ್ದರೂ "ನೀನು" ಅಂತಲೇ ಬೈ.

ನಾನೀಗ ಅಕ್ಕ ಮೈಕೆನ್ ಮನೆಯಲ್ಲಿದ್ದೇನೆ. ನನಗೊಂದು ಗಾಲಿಕುರ್ಚಿ ಕೊಟ್ಟಿದ್ದಾರೆ. ನಾಲ್ಕು ಚಕ್ರ, ಸಸ್ಪೆನ್ಷನ್ ಸೊನ್ನೆ. ಹೊಸ್ತಿಲು ದಾಟಿದರೆ ಬೆನ್ನುಮೂಳೆ ಎಣಿಸಿಕೊಳ್ಳಬಹುದು. ಮೈಕೆನ್ ನಮ್ಮ ಉತ್ತರದವರ ರೂಢಿಯಂತೆ ಕಾಫಿಗೆ ಚೀಸ್ ತುಂಡು ಹಾಕಿ ಕೊಟ್ಟು, "ಲೋ ಆಲ್ಗೊಟ್, ಮೂವತ್ತೊಂದು ವರ್ಷ ಬೇಕೂಂತಲೇ ಗಾಡಿ ಜಾರಿಸ್ತಿದ್ದೆ, ಕೊನೆಗೆ ಅದೂ ನಿನ್ನ ಮಾತು ಕೇಳ್ಲಿಲ್ಲ ನೋಡು" ಎನ್ನುತ್ತಾಳೆ. ಸಮಾಧಾನ ಹೇಳುವ ಅವಳ ರೀತಿ ಇದು.

ಆಗ ಏನಾಯಿತೆಂದು ಹೇಳುತ್ತೇನೆ. ಮೊದಲ ತಿರುವು ಚೆನ್ನಾಗಿಯೇ ಹೋಯಿತು. ಬಲಕ್ಕೆ ಎಳೆದಾಗ ಗಾಡಿ ಎಡಕ್ಕೆ ವಾಲಿತು. ಎಡ ಹಿಂಚಕ್ರ ಒಳಗೆ ಒತ್ತಿಕೊಂಡು ಹೋಗಿ ಎಲ್ಲೋ ಗಟ್ಟಿಯಾದದ್ದಕ್ಕೆ ಬಡಿಯಿತು. ಅದು ಸೀಟಿನಲ್ಲಿ ಗೊತ್ತಾಯಿತು, ಯಾರೋ ಕೆಳಗಿನಿಂದ ಒದ್ದ ಹಾಗೆ. ಹಿಂಭಾಗ ಹೊರಕ್ಕೆ ಹಾರಿತು. ನಾನು ಸ್ಟೇರಿಂಗ್ ಹಿಂದಕ್ಕೆ ತಿರುಗಿಸಿ ಕೊಟ್ಟೆ. ಆಮೇಲೆ ಆಕಾಶ ಕಂಡಿತು.

ಕೊಡಬೇಕಾದ ಹೊತ್ತಿಗೇ ಕೊಟ್ಟೆ, ಇಂಗೆಲಾ. ಮೇ ಇಪ್ಪತ್ತರ ಕಂಪನಿ ವಿಚಾರಣೆಯಲ್ಲಿ "ಚಾಲಕನ ತಪ್ಪು" ಎಂದು ಬರೆದುಬಿಟ್ಟರೆ ನನಗೆ ಉಳಿಯುವುದೇನು? ಕಾಲಂತೂ ಹೋಯಿತು. ಗಾಡಿ ಉರುಳಿತು, ನಾನು ಉರುಳಿಸಲಿಲ್ಲ. ಅಷ್ಟನ್ನು ಹುಡುಕಿ ಕೊಡು. ನೀನು ನನಗೆ ಬಾಕಿ ಇದ್ದೀಯ, ಅದನ್ನು ಬಾಯಿಬಿಟ್ಟು ಹೇಳಿಸಬೇಡ.

ಅಕ್ಷರ ಸೊಟ್ಟಗಿದೆ. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಆಲ್ಗೊಟ್

---

ಗೋಥೆನ್‌ಬರ್ಗ್, ಮಾರ್ಚ್ 3

ಆಲ್ಗೊಟ್,

ನೀನು ಹೇಳಿದ ಒದೆತ ಸಿಕ್ಕಿತು. ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡಾಗ ಲೋಹಕ್ಕೆ ಲೋಹ ಬಡಿಯದಂತೆ ಒಂದು ರಬ್ಬರ್ ಮುದ್ದೆ ಇರುತ್ತದಲ್ಲ, ಅದು ಈ ಗಾಡಿಯಲ್ಲಿ ಗಿಡ್ಡ ಮತ್ತು ಗಟ್ಟಿ. ಹಿಂದೆ ಬ್ಯಾಟರಿಗೆ ಜಾಗ ಮಾಡಲು ಗಿಡ್ಡ ಮಾಡಿದರು. ಚಕ್ರ ಅದಕ್ಕೆ ಬಡಿದ ಕ್ಷಣ ಹಿಂಭಾಗದ ಟೈರ್ ಹಿಡಿತ ಬಿಡುತ್ತದೆ. ಆಗ ಸ್ಟೇರಿಂಗ್ ಸರಿಯಾದ ಹೊತ್ತಿಗೆ ಹಿಂದೆ ಬಂದರೆ ಗಾಡಿ ನಿಲ್ಲುತ್ತದೆ. ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆಯೂ ಲೆಕ್ಕದಲ್ಲಿದೆ. ಒಳಗಿನ ಎರಡು ಚಕ್ರ ನೆಲ ಬಿಟ್ಟ ಮೇಲೆ ಅದು ಏನನ್ನು ಹಿಡಿಯಬೇಕು?

ಇಷ್ಟು ಸಿಕ್ಕ ಖುಷಿಯಲ್ಲಿ ಮತ್ತೆ ಓಡಿಸಿದೆ. ಅಂದಿನ ಚಳಿಗೆ ರಬ್ಬರ್ ಎಷ್ಟು ಗಟ್ಟಿಯಾಗಿರಬಹುದೋ ಅಷ್ಟು ಮಾಡಿದೆ. ಟೈರಿನ ಗಾಳಿ ಇಳಿಸಿದೆ. ರಸ್ತೆಯನ್ನು ವಾರೆ ಮಾಡಿದೆ. ಸಾವಿರದ ಒಂಬೈನೂರು ಓಟ. ಒದೆತ ಪ್ರತಿ ಸಲವೂ ಇದೆ, ಪ್ರತಿ ಸಲವೂ ಗಾಡಿ ನಿಲ್ಲುತ್ತದೆ.

ಶುಕ್ರವಾರದ ಕಾಫಿಗೆ ದಾಲ್ಚಿನ್ನಿ ಬನ್ ಮುರಿಯುತ್ತ ನಮ್ಮ ಮುಖ್ಯಸ್ಥ ಕ್ರಿಸ್ಟರ್ ನಗುತ್ತ ಹೇಳಿದ: "ಎಷ್ಟು ಸಲ ಓಡಿಸ್ತೀಯಾ ಮಾರಾಯ್ತಿ? ಆಲ್ಗೊಟ್ ಓಡಿಸಿದ್ರೆ ಗಾಡಿ ಎಲ್ಲಾದ್ರೂ ಉರುಳುತ್ತಾ?" ಮೇಜಿನ ಸುತ್ತ ಎಲ್ಲರೂ ನಕ್ಕರು. ನಾನು ಬನ್ ಅರ್ಧಕ್ಕೇ ಬಿಟ್ಟು ಎದ್ದೆ.

ನಿನಗೆ ಗೊತ್ತಿದೆ, ಆದರೂ ಬರೆಯುತ್ತೇನೆ. ಕಂಪ್ಯೂಟರಿನ ಗಾಡಿಗೂ ಚಾಲಕ ಬೇಕು. ಹದಿನೈದು ವರ್ಷದ ಹಿಂದೆ ಮೂರು ವಾರ ನಿನ್ನ ಪಕ್ಕದಲ್ಲಿ ಕೂತು ನಿನ್ನ ಕೈ ಎಷ್ಟು ಬೇಗ ಕದಲುತ್ತದೆ, ಕಣ್ಣು ಎಷ್ಟು ಮುಂದೆ ನೋಡುತ್ತದೆ ಎಂದು ಅಳೆದು ನಾನು ಆ ಚಾಲಕನನ್ನು ಮಾಡಿದೆ. ಪ್ರೀತಿಯಿಂದ ನಿನ್ನ ಹೆಸರನ್ನೇ ಇಟ್ಟೆ. ಆ ಚಾಲಕನನ್ನೇ ನಂಬಿ ಆರು ವರ್ಷದ ಹಿಂದೆ ಕಂಪನಿ ನಿನ್ನ ತಂಡದ ಐವರಲ್ಲಿ ನಾಲ್ವರನ್ನು ಮನೆಗೆ ಕಳಿಸಿತು. ಅವರನ್ನು ಬೀಳ್ಕೊಟ್ಟ ದಿನ ಎಲ್ಲರೆದುರು ನೀನು "ನನ್ನನ್ನ ಕದ್ದುಬಿಟ್ಟೆ ಕಣೇ" ಎಂದೆ. ಅದೇ ನಮ್ಮ ಕೊನೆಯ ಮಾತು.

ಅವನು ಇನ್ನೂ ನಲವತ್ತನಾಲ್ಕರವನೇ. ಅವನಿಗೆ ವಯಸ್ಸಾಗಲಿಲ್ಲ, ಆಗಿಸಬೇಕೆಂದು ನನಗೂ ತೋಚಲಿಲ್ಲ. ಈ ಸಾವಿರದ ಒಂಬೈನೂರು ಸಲ ಗಾಡಿಯನ್ನು ಉಳಿಸಿದ್ದು ನಿನ್ನದೇ ಹಳೆಯ ಕೈ. ವಿಚಾರಣೆಯಲ್ಲಿ ನಿನ್ನ ವಿರುದ್ಧ ನಿಲ್ಲುವ ಒಂದೇ ಸಾಕ್ಷಿ ನೀನು.

ಮರುದಿನ ಅವನ ಕೈಯನ್ನು ಸ್ವಲ್ಪ ಸ್ವಲ್ಪವೇ ನಿಧಾನ ಮಾಡಿ ನೋಡಿದೆ. ಲೆಕ್ಕದಲ್ಲಿ ಅದು ಸೆಕೆಂಡಿನ ಚೂರುಗಳು. ನಾವು ಶಾಲೆಯಲ್ಲಿ ಮಾಡುತ್ತಿದ್ದ ಅಳತೆಪಟ್ಟಿಯ ಆಟದಲ್ಲಿ ಹೇಳುತ್ತೇನೆ. ಒಬ್ಬರು ಪಟ್ಟಿಯನ್ನು ತೂಗಿಬಿಟ್ಟು ಹೇಳದೆ ಕೈಬಿಡುವುದು, ಇನ್ನೊಬ್ಬರು ಎರಡು ಬೆರಳಲ್ಲಿ ಹಿಡಿಯುವುದು, ಎಷ್ಟು ಸೆಂಟಿಮೀಟರ್ ಜಾರಿತೆಂದು ನೋಡುವುದು. ಕಂಪ್ಯೂಟರಿನ ಆಲ್ಗೊಟ್ ಹನ್ನೊಂದಕ್ಕೆ ಹಿಡಿಯುತ್ತಾನೆ. ಹದಿನೈದರವರೆಗೂ ಗಾಡಿ ನಿಂತಿತು. ಹದಿನಾರಕ್ಕೆ ಉರುಳಿತು. ಹದಿನೇಳು, ಹದಿನೆಂಟು, ಮೂವತ್ತರವರೆಗೆ ಪ್ರತಿ ಸಲವೂ ಉರುಳಿತು. ಸಾಧಾರಣ ಜನ ಹಿಡಿಯುವುದು ಇಪ್ಪತ್ತರ ಆಸುಪಾಸಿನಲ್ಲಿ.

ಒಂದೇ ಪ್ರಶ್ನೆ. ಕಂಪನಿ ವೈದ್ಯರು ವರ್ಷವರ್ಷವೂ ನಿನ್ನ ಕೈಯ ಚುರುಕು ಅಳೆದ ಕಡತ ನೋಡಿದೆ. ಪಟ್ಟಿಯ ಲೆಕ್ಕದಲ್ಲಿ ಕಳೆದ ಆಗಸ್ಟ್‌ವರೆಗೂ ಅದೇ ಹನ್ನೊಂದು, ಹನ್ನೆರಡು. ಅದು ನಿಜವೇ? ನಿಜವಾದರೆ ನನ್ನ ಹತ್ತಿರ ಹೇಳಲು ಏನೂ ಇಲ್ಲ.

ಇಂಗೆಲಾ

---

ಆರ್ಯೆಪ್ಲೋಗ್, ಮಾರ್ಚ್ 15

ನಿಜ. ಅಷ್ಟೂ ವರ್ಷದ್ದು ನಿಜ. ವೈದ್ಯರ ಸಹಿ ಇದೆ, ಓದಲು ಬರುತ್ತದಲ್ಲ ನಿನಗೆ? ಗಾಡಿಯಲ್ಲಿ ಹುಡುಕು ಎಂದರೆ ನನ್ನಲ್ಲಿ ಹುಡುಕುತ್ತೀಯ. ಒಮ್ಮೆ ಅಳೆದುಕೊಂಡು ಹೋದದ್ದು ಸಾಲದೇ?

ಇನ್ನು ಬರೆಯಬೇಡ.

ಆಲ್ಗೊಟ್

---

ಗೋಥೆನ್‌ಬರ್ಗ್, ಏಪ್ರಿಲ್ 8

ಆಲ್ಗೊಟ್,

ಈಸ್ಟರ್ ಹಬ್ಬಕ್ಕೆ ಮೈಕೆನ್‌ಗೆ ಚಾಕಲೇಟು ಕಳಿಸಿದ್ದೇನೆ. ನಿನ್ನನ್ನು ಏನೂ ಕೇಳುವುದಿಲ್ಲ.

ಬಿಡುವಿನ ಹೊತ್ತಿನಲ್ಲಿ ಒಂದು ಕೆಲಸ ಮಾಡಿದೆ. ಆ ರಬ್ಬರ್ ಮುದ್ದೆಯನ್ನು ಎರಡು ಸೆಂಟಿಮೀಟರ್ ಉದ್ದ ಮಾಡಿ, ತುದಿ ಮೆತ್ತಗೆ ಮಾಡಿ, ಲೆಕ್ಕದಲ್ಲಿ ಕೂಡಿಸಿದೆ. ಒದೆತವೇ ಹೋಯಿತು. ಇಪ್ಪತ್ತೆಂಟಕ್ಕೆ ಹಿಡಿಯುವವನು ಓಡಿಸಿದರೂ ಗಾಡಿ ನಿಂತಿತು. ಬ್ಯಾಟರಿಯ ಪೆಟ್ಟಿಗೆಗೆ ತಾಗದ ಹಾಗೆ ತುಸು ಓರೆ ಕತ್ತರಿಸಬೇಕು, ಅಷ್ಟೇ. ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಹೇಳಿ ಒಂದು ಜೊತೆ ಮಾಡಿಸಿ ಇಟ್ಟುಕೊಂಡಿದ್ದೇನೆ. ಮುಷ್ಟಿಯಷ್ಟು ದೊಡ್ಡವು, ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದೇನೆ.

ಬದಲಾಯಿಸಿ ಎಂದರೆ ಕ್ರಿಸ್ಟರ್ ಕೇಳುತ್ತಾನೆ: "ಉರುಳದ ಗಾಡಿಗೆ ಯಾಕಮ್ಮಾ ಔಷಧಿ?" ನನ್ನ ಲೆಕ್ಕವೇ ಅವನ ಬಾಯಲ್ಲಿದೆ.

ಇಂಗೆಲಾ

---

ಆರ್ಯೆಪ್ಲೋಗ್, ಮೇ 4

ಇಂಗೆಲಾ,

ವೈದ್ಯರ ಹತ್ತಿರ ಒಂದು ದೀಪದ ಹಲಗೆ ಇದೆ. ಹನ್ನೆರಡು ದೀಪ, ಹನ್ನೆರಡು ಗುಂಡಿ. ಯಾವುದು ಹೊತ್ತಿತೋ ಅದರ ಗುಂಡಿ ಒತ್ತಬೇಕು. ಅದೊಂದು ಹಳೇ ಯಂತ್ರ. ದೀಪಗಳು ಪ್ರತಿ ವರ್ಷವೂ ಅದೇ ಸಾಲಿನಲ್ಲಿ, ಅದೇ ಲಯದಲ್ಲಿ ಹೊತ್ತುತ್ತವೆ. ನನಗದು ಎಂದೋ ಬಾಯಿಪಾಠ: ಎಡ, ಎಡ, ನಡು, ಮೇಲೆ, ಬಲ. ಈಗಲೂ ನಿದ್ದೆಯಲ್ಲಿ ಒತ್ತಬಲ್ಲೆ. ನಮ್ಮ ತಂಡದ ಎಲ್ಲರಿಗೂ ಗೊತ್ತಿತ್ತು, ಹೊಸಬರು ಬಂದರೆ ಮೊದಲು ಕಲಿಸುತ್ತಿದ್ದುದೇ ಅದನ್ನು. ತಮಾಷೆಗೆ ಶುರುವಾದದ್ದು. ನಾಲ್ಕೈದು ವರ್ಷದಿಂದ ಚಳಿ ಬಿದ್ದರೆ ಬೆರಳು ಬೆಳ್ಳಗಾಗಿ ಮರಗಟ್ಟುತ್ತವೆ. ಆಮೇಲಿನದು ತಮಾಷೆ ಆಗಿರಲಿಲ್ಲ.

ನಿನ್ನ ಮಾರ್ಚ್ ಪತ್ರ ಬಂದ ದಿನ ನಾನು ಮೈಕೆನ್ ಮೇಲೆ ರೇಗಾಡಿದೆ. ನಿನ್ನೆ ಊಟವಾದ ಮೇಲೆ ನಾನೇ ಕೇಳಿದೆ, "ಅಕ್ಕಾ, ಹೊಲಿಗೆ ಪೆಟ್ಟಿಗೇಲಿ ಮರದ ಅಳತೆಪಟ್ಟಿ ಇದೆಯಾ?" ಅವಳು ಕುರ್ಚಿ ಮೇಲೆ ಹತ್ತಿ ನಿಂತು ಪಟ್ಟಿಯನ್ನು ಕೈಬಿಟ್ಟಳು. ಇಪ್ಪತ್ತೊಂಬತ್ತು. ಮತ್ತೆ ಮೂವತ್ತೊಂದು. ಇಪ್ಪತ್ತೇಳು. ನಾಲ್ಕನೆಯದು ಕೈಗೇ ಸಿಗದೆ ನೆಲಕ್ಕೆ ಬಿತ್ತು. "ಇನ್ನೊಂದ್ಸಲ ಬಿಡ್ತೀನಿ ಇರು, ನಾನೇ ಸರಿಯಾಗಿ ಹಿಡಿದಿರ್ಲಿಲ್ಲ" ಎಂದಳು. ಅಕ್ಕ ನನ್ನ ಮೇಲೆ ಕರುಣೆ ತೋರಿಸಿದ್ದು ಅರವತ್ತು ವರ್ಷದಲ್ಲಿ ಅದೇ ಮೊದಲು. ನನಗೆ ಅಳು ಬಂತು, ಅತ್ತುಬಿಟ್ಟೆ.

ಸ್ಟೇರಿಂಗ್ ಹೊತ್ತಿಗೆ ಸರಿಯಾಗಿ ಕೊಟ್ಟೆ ಎಂದಿದ್ದೆನಲ್ಲ, ಕೊಡಲಿಲ್ಲ.

ಈಗ ನನ್ನ ಮಾತು ಕೇಳು. ಇದನ್ನು ಬೇರೆ ಕಾಗದದಲ್ಲಿ ಬರೆದು ಸಹಿ ಹಾಕಿ ಈ ಪತ್ರದ ಜೊತೆ ಇಟ್ಟಿದ್ದೇನೆ, ದೀಪದ ಹಲಗೆಯ ಕಥೆ ಸಮೇತ. ವಿಚಾರಣೆಗೆ ಒಯ್ಯಿ. ನನ್ನ ಹೆಸರು ಹೋಗಲಿ. ಆದರೆ ಹನ್ನೊಂದಕ್ಕೆ ಹಿಡಿಯುವ ಕೈ ನನಗೂ ಇಲ್ಲ, ಯಾರಿಗೂ ಇಲ್ಲ, ಈ ಗಾಡಿ ಹದಿನಾರಕ್ಕೇ ಉರುಳುತ್ತದೆ ಎಂದು ಹೇಳು. ನಾನು ತಪ್ಪು ಒಪ್ಪಿಕೊಂಡರೆ ಮಾತ್ರ ಕಂಪ್ಯೂಟರಿನ ಆ ಇನ್ನೊಬ್ಬನ ಸಾಕ್ಷಿ ಬೀಳುತ್ತದೆ. ಆಗ ನಿನ್ನ ರಬ್ಬರಿಗೆ ದಾರಿಯಾಗುತ್ತದೆ.

ಆಲ್ಗೊಟ್

---

ಗೋಥೆನ್‌ಬರ್ಗ್, ಮೇ 28

ಆಲ್ಗೊಟ್,

ಹೇಗೆ ಬರೆಯಲಿ? ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ವಿಚಾರಣೆಯಲ್ಲಿ ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದೆ. ಕ್ರಿಸ್ಟರ್ ತಲೆ ತಗ್ಗಿಸಿ ಕೇಳಿದ. ವಕೀಲರು ಕಾಗದ ಕೈಗೆ ತೆಗೆದುಕೊಂಡು ಸಹಿ ನೋಡಿ, "ಇದರಿಂದ ನಮ್ಮೆಲ್ಲರ ಕೆಲಸ ಸುಲಭ ಆಯ್ತು" ಎಂದರು. ನಾನು ನನ್ನ ಹಾಳೆಗಳನ್ನು ಹರಡಿ ಹದಿನಾರರ ಮಾತು ಶುರುಮಾಡಿದೆ. ಅವರು ಬಹಳ ಮರ್ಯಾದೆಯಿಂದ ಕೇಳಿದರು: "ಮೇಡಂ, ನಮ್ಮ ನಿಯಮದ ಪ್ರಕಾರ ಪರೀಕ್ಷೆ ಯಾವ ಚಾಲಕನಿಂದ ಆಗ್ಬೇಕು?" ಕಂಪ್ಯೂಟರಿನ ಆಲ್ಗೊಟ್‌ನಿಂದ ಎಂದೆ. "ಆ ನಿಯಮ ಬರೆದವರು ಯಾರು?" ನಾನೇ ಎಂದೆ. "ಆ ಚಾಲಕ ಓಡಿಸಿದ್ರೆ ಗಾಡಿ ಉರುಳುತ್ತಾ?" ಇಲ್ಲ ಎಂದೆ. ಮುಕ್ಕಾಲು ಗಂಟೆಯೊಳಗೆ ಎಲ್ಲ ಮುಗಿಯಿತು. ಚಾಲಕನ ಕೈ ನಿಧಾನವಾಗಿತ್ತು, ಚಾಲಕ ಅದನ್ನು ಮುಚ್ಚಿಟ್ಟಿದ್ದ, ಚಾಲಕ ಒಪ್ಪಿಕೊಂಡಿದ್ದಾನೆ. ತೀರ್ಪಿನಲ್ಲಿ ಗಾಡಿಯ ಬಗ್ಗೆ ಒಂದು ಸಾಲೂ ಇಲ್ಲ.

ಹೊರಗೆ ಕ್ರಿಸ್ಟರ್ ನನ್ನ ಭುಜದ ಮೇಲೆ ಕೈ ಇಟ್ಟ. "ನೀನು ಹೇಳಿದ್ದು ಸುಳ್ಳು ಅಂತ ನಾನು ಹೇಳ್ತಿಲ್ಲ ಇಂಗೆಲಾ. ಆದ್ರೆ ಎಲ್ಲರ ಕೈಯನ್ನೂ ಲೆಕ್ಕಕ್ಕೆ ತಗೊಂಡ್ರೆ ಗಾಡಿ ಮಾಡೋದಾದ್ರೂ ಹೇಗೆ?" ಅವನು ಕೆಟ್ಟವನಲ್ಲ. ಅದೇ ನನಗೆ ಕಷ್ಟ, ಜಗಳವಾಡಲೂ ಯಾರೂ ಸಿಗುತ್ತಿಲ್ಲ.

ರಸ್ತೆ ಸುರಕ್ಷತೆಯವರಿಗೆ ಬರೆದೆ. ಮೂಸ್ ಪರೀಕ್ಷೆ ಕಾನೂನಿನಲ್ಲಿ ಕಡ್ಡಾಯವಲ್ಲ, ಆದ್ದರಿಂದ ದೂರಿಗೆ ಆಧಾರವಿಲ್ಲ ಎಂಬ ಉತ್ತರ ಮೂರೇ ದಿನದಲ್ಲಿ ಬಂತು. ಮೊನ್ನೆ ಬೆಳಿಗ್ಗೆ ಸಿಟ್ಟಿಗೆ ಕಂಪ್ಯೂಟರಿನ ಆಲ್ಗೊಟ್‌ನ ಕೈಯನ್ನು ಇಪ್ಪತ್ತಕ್ಕೆ ಇಳಿಸಿಬಿಟ್ಟೆ. ಮಧ್ಯಾಹ್ನದೊಳಗೆ ಪರದೆಯ ಮೇಲೆ ಮೂರು ಹೊಸ ಗಾಡಿಗಳು ಉರುಳಿದವು, ಮೂರು ತಂಡದವರು ಓಡಿ ಬಂದರು. ಸಂಜೆಗೆ ಹಳೆಯ ಪ್ರತಿ ತಂದು ಅವನನ್ನು ಮತ್ತೆ ನಲವತ್ತನಾಲ್ಕರವನನ್ನಾಗಿ ಮಾಡಿದರು. ಅವನನ್ನು ಮುಟ್ಟುವ ಅನುಮತಿ ಈಗ ನನಗಿಲ್ಲ. ನಾನು ಹೆತ್ತಂತೆ ಮಾಡಿದವನನ್ನು ನಾನು ಗಾಜಿನ ಈಚೆಯಿಂದ ನೋಡಬೇಕು.

ಜೂನ್‌ನಲ್ಲಿ ಗಾಡಿ ಮಾರಾಟಕ್ಕೆ ಬರುತ್ತದೆ. ನಿನ್ನ ಹೆಸರನ್ನು ಕೊಟ್ಟೆ, ಬದಲಿಗೆ ಏನೂ ತರಲಿಲ್ಲ. ಎರಡನೆಯ ಸಲ ನಿನ್ನನ್ನು ಕದ್ದಂತಾಯಿತು.

ಇಂಗೆಲಾ

---

ಆರ್ಯೆಪ್ಲೋಗ್, ಸೆಪ್ಟೆಂಬರ್ 9

ಇಂಗೆಲಾ,

ಬೇಸಿಗೆಯಿಡೀ ಬರೆಯಲಿಲ್ಲ. ಕೋಪದಿಂದಲ್ಲ. ಬರೆಯಲು ಏನೂ ಇರಲಿಲ್ಲ.

ನಿನ್ನೆ ಮೂಸ್ ಬೇಟೆ ಶುರುವಾಯಿತು. ಊರಿನ ಬೇಟೆ ತಂಡದವರು ನನ್ನನ್ನು ಕುರ್ಚಿ ಸಮೇತ ಎತ್ತಿ ಮರ ಸಾಗಿಸುವ ಲಾರಿ ಹೋಗುವ ದಾರಿಯ ಪಕ್ಕ ನನ್ನ ಹಳೇ ಜಾಗದಲ್ಲಿ ಕೂರಿಸಿದರು. ಒಂಬತ್ತರ ಹೊತ್ತಿಗೆ ಒಂದು ಹೆಣ್ಣು ಮೂಸ್ ಪೊದೆಯಿಂದ ಹೊರಬಂದು ನಿಂತಿತು. ನಾನು ಬಂದೂಕು ಎತ್ತುವುದರೊಳಗೆ ದಾರಿ ದಾಟಿ ಹೋಗಿತ್ತು. ಆದರೂ ಮಾಂಸದಲ್ಲಿ ನನ್ನ ಪಾಲು ಕೊಟ್ಟರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದರೆ ಅಂಗಳದಲ್ಲಿ ಒಂದು ಕೆಂಪು ಗಾಡಿ ನಿಂತಿದೆ. ಅದೇ ಗಾಡಿ. ಮೈಕೆನ್ ಮಗಳು ತಿಲ್ಡಾ ಕೊಂಡುಕೊಂಡಿದ್ದಾಳೆ, ಲೂಲಿಯೋದಿಂದ ಓಡಿಸಿಕೊಂಡು ಬಂದಿದ್ದಾಳೆ. ಅವಳಿಗೆ ಮೂವತ್ತೆರಡು ವರ್ಷ, ಶಾಲೆಯಲ್ಲಿ ಆಟ ಕಲಿಸುತ್ತಾಳೆ, ನನ್ನಂಥ ಇಬ್ಬರನ್ನು ಎತ್ತಿ ಎಸೆಯಬಲ್ಲಳು. ನಾನು ಮೊದಲು ಅಳತೆಪಟ್ಟಿ ತರಿಸಿದೆ.

"ಇದೇನು ಮಾಮ, ಮಕ್ಕಳಾಟ?" ಎಂದು ನಗುತ್ತ ಕೈ ಮುಂದೆ ಮಾಡಿದಳು. ನಾನು ಬಿಟ್ಟೆ. ಹತ್ತೊಂಬತ್ತು. ಮತ್ತೆ ಬಿಟ್ಟೆ, ಹತ್ತೊಂಬತ್ತು. "ಚೆನ್ನಾಗಿದೆ ಅಲ್ವಾ?" ಎಂದಳು. ಚೆನ್ನಾಗಿದೆ, ಬಹಳ ಚೆನ್ನಾಗಿದೆ ಎಂದೆ.

ಆಮೇಲೆ ಎಲ್ಲ ಹೇಳಿದೆ: ರಬ್ಬರ್, ಒದೆತ, ಹದಿನಾರು. ಅವಳು ನನ್ನ ಕೈ ಹಿಡಿದುಕೊಂಡು ಕೇಳಿದಳು, ಮಗುವಿನ ಮಾತು ಕೇಳಿದ ಹಾಗೆ. "ಮಾಮ, ಅದು ನಿನ್ನ ಕೈಯಿಂದ ಆಗಿದ್ದು ಅಂತ ನೀನೇ ಬರೆದುಕೊಟ್ಟಿದ್ದೀಯಲ್ಲ. ಪೇಪರ್‌ನಲ್ಲೂ ಬಂತು. ಯಾಕೆ ಇನ್ನೂ ಗಾಡಿ ಮೇಲೆ ಹಾಕ್ತೀಯ? ಯಾರೂ ನಿನ್ನ ಬೈತಿಲ್ಲ." ಅವಳನ್ನು ಎಚ್ಚರಿಸುವ ಹಕ್ಕನ್ನು ನಾನೇ ಸಹಿ ಹಾಕಿ ಕಳೆದುಕೊಂಡೆ.

ಮುಸ್ಸಂಜೆಗೆ ಹೊರಟಳು. ಬೇಟೆಗೆ ಬೆದರಿದ ಮೂಸ್‌ಗಳು ರಸ್ತೆಗೆ ಬರುವುದೇ ಆ ಹೊತ್ತಿಗೆ. ತಲುಪಿದೆ ಎಂದು ಫೋನ್ ಬರುವವರೆಗೆ ನಾನೂ ಮೈಕೆನ್ನೂ ಅಡುಗೆಮನೆಯಲ್ಲೇ ಕೂತಿದ್ದೆವು. ಪ್ರತಿ ಶುಕ್ರವಾರ ಬರುತ್ತಾಳಂತೆ. ಹೊಸ ಗಾಡಿ, ಖುಷಿಯಲ್ಲಿದ್ದಾಳೆ.

ನಿನ್ನ ಮಾರ್ಚ್ ತಿಂಗಳ ಪತ್ರವನ್ನು ಸಿಟ್ಟಿನಲ್ಲಿ ಒಲೆಗೆ ಹಾಕಿದ್ದೆ. ಅದಕ್ಕೇ ಕೇಳುತ್ತಿದ್ದೇನೆ. ಅದು ಹದಿನಾರೇ ಹೌದಾ? ಇಪ್ಪತ್ತಾರು ಎಂದು ಬರೆದಿದ್ದೆಯೇನೋ, ನಾನು ತಪ್ಪಾಗಿ ನೆನಪಿಟ್ಟುಕೊಂಡಿದ್ದೇನೆಯೇನೋ. ವಯಸ್ಸಾಯಿತು, ಹಾಗೂ ಆಗುತ್ತದೆ. ಬೇಗ ಬರೆ.

ಆಲ್ಗೊಟ್

---

ಗೋಥೆನ್‌ಬರ್ಗ್, ಸೆಪ್ಟೆಂಬರ್ 13

ಆಲ್ಗೊಟ್,

ಹದಿನಾರೇ. ನಿನಗೆ ಸರಿಯಾಗಿಯೇ ನೆನಪಿದೆ.

ಈ ಪತ್ರದ ಜೊತೆ ಒಂದು ಪೆಟ್ಟಿಗೆ ಬರುತ್ತದೆ. ಆ ಎರಡು ರಬ್ಬರ್ ಅದರಲ್ಲಿವೆ. ಎಡದ್ದಕ್ಕೆ ಬಿಳಿ ಚುಕ್ಕೆ ಹಾಕಿದ್ದೇನೆ. ಊರಿನ ಮೆಕ್ಯಾನಿಕ್‌ಗೆ ಅರ್ಧ ಗಂಟೆಯ ಕೆಲಸ. ಹಿಂದಿನ ಸ್ಪ್ರಿಂಗ್ ಇಳಿಸಿ, ಹಳೆಯದನ್ನು ಕಿತ್ತು, ಓರೆ ಕತ್ತರಿಸಿದ ಕಡೆ ಬ್ಯಾಟರಿಯ ದಿಕ್ಕಿಗೆ ಬರುವ ಹಾಗೆ ಕೂರಿಸಲಿ. ತಿಲ್ಡಾಗೆ ಏನೂ ಹೇಳಬೇಡ. ಶುಕ್ರವಾರ ಬಂದಾಗ ಟೈರ್ ನೋಡಿಸುತ್ತೇನೆ ಎಂದು ಬೀಗದ ಕೈ ಇಸಿದುಕೋ.

ಮಾಡಿಸಿದ್ದು ಒಂದೇ ಜೊತೆ. ಇನ್ನೊಂದು ಕೇಳಿದರೆ ಶೆಡ್ಡಿನವರು ಕ್ರಿಸ್ಟರ್‌ನ ಚೀಟಿ ತಾ ಎನ್ನುತ್ತಾರೆ.

ನಾನು ಈಗಲೂ ಬಸ್ಸಿನಲ್ಲೇ ಕಚೇರಿಗೆ ಹೋಗುತ್ತೇನೆ. ಇವತ್ತು ಬೆಳಿಗ್ಗೆ ಕಿಟಕಿಯಿಂದ ಅದೇ ಗಾಡಿ ಒಂಬತ್ತು ಎಣಿಸಿದೆ.

ನಿನ್ನ
ಇಂಗೆಲಾ